ಹತ್ತು ತೂಗಾಟಕ್ಕೆ ಮೂವತ್ತಮೂರು ಸೆಕೆಂಡು

ಆ ಬೆಳಗಿನ ಸಭೆಯಲ್ಲಿ ಗೆದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮೂರು ವಾರ ನಾನು ಮಾಡಿದ್ದೆಲ್ಲ ಆ ಗೆಲುವನ್ನು ಒಂದೊಂದೇ ಬೋಲ್ಟು ಬಿಚ್ಚಿ ಕೆಳಗಿಳಿಸುವ ಕೆಲಸ.

ಸಭೆ ನಡೆದದ್ದು ಕುಷ್ಟಗಿ ಮತ್ತು ಯಲಬುರ್ಗಾ ನಡುವಿನ ಒಂದು ಗಾಳಿ ವಿದ್ಯುತ್ ಸೈಟಿನಲ್ಲಿ, ಕಂಟೇನರನ್ನೇ ಕಚೇರಿ ಮಾಡಿಕೊಂಡ ಒಂದು ಕೋಣೆಯಲ್ಲಿ. ಇದ್ದವರು ಮೂವರು: ಸೈಟ್ ಇನ್‌ಚಾರ್ಜ್, ಅಲ್ಲಿನ ಹಿರಿಯ ಟೆಕ್ನಿಷಿಯನ್, ಮತ್ತು ಹುಬ್ಬಳ್ಳಿಯ ಒಂದು ಸಣ್ಣ ಕಂಪನ ತಪಾಸಣೆ ಸಂಸ್ಥೆಯಿಂದ ಬಂದ ನಾನು. ವಿಷಯ ಹನ್ನೊಂದನೇ ನಂಬರಿನ ಟವರ್. ಆಷಾಢದ ಗಾಳಿ ಜೋರಾದಾಗಲೆಲ್ಲ ಆ ಯಂತ್ರ 'ಟವರ್ ಕಂಪನ ಮಿತಿ ಮೀರಿದೆ' ಎಂಬ ಸಂದೇಶ ಕೊಟ್ಟು ತನ್ನಷ್ಟಕ್ಕೆ ತಾನೇ ಬ್ರೇಕು ಹಾಕಿಕೊಂಡು ನಿಲ್ಲುತ್ತಿತ್ತು. ಸುತ್ತಲಿನ ಬೇರೆ ಯಾವ ಯಂತ್ರಕ್ಕೂ ಆ ರೋಗ ಇರಲಿಲ್ಲ.

"ಮ್ಯಾಲಿನ ಸೆನ್ಸರ್ ಕೆಟ್ಟೈತಿ, ಅಷ್ಟ," ಎಂದರು ಇನ್‌ಚಾರ್ಜ್. "ಏರಿ ಬದಲಿ ಮಾಡಪಾ ಅಂದ್ರ ಈ ಮನಷ್ಯಾ ಎರಡು ಸಲ ಒಲ್ಲೆ ಅಂದಾನ. ಮೂರನೇ ಸಲ ಒಲ್ಲೆ ಅಂದ್ರ ಗುತ್ತಿಗೆದಾರಗ ಪತ್ರ ಹೋಗ್ತೈತಿ, ಇಂವಾ ಮನಿಗೆ ಹೋಗ್ತಾನ. ನೀವು ಟವರ್ ಗಟ್ಟಿ ಐತಿ ಅಂತ ಬರದುಕೊಡ್ರಿ ಮೇಡಂ."

ಹಿರಿಯ ಟೆಕ್ನಿಷಿಯನ್ ನಲವತ್ತು ದಾಟಿದ, ತೆಳ್ಳನೆಯ ಮನುಷ್ಯ. ಊರಿನ ಭಜನಾ ಮೇಳದಲ್ಲಿ ತಾಳ ಹಾಕುವವನು. ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದ: "ಸೆನ್ಸರ್ ಕೆಟ್ಟಿಲ್ರಿ. ಟವರಿನ ತಾಳ ಕೆಟ್ಟೈತಿ. ಹೋದ ವರ್ಷದಂಗ ಇಲ್ಲ, ನಿಧಾನ ಆಗೈತಿ."

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಚೀಟಿ ಎತ್ತಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ; ಎದುರಿನವರ ಮಾತಿನಲ್ಲಿ ಅಳತೆ ಇಲ್ಲದ ಒಂದು ಪದ ಸಿಕ್ಕರೆ ಸಾಕು, ಅಲ್ಲಿಂದ ಒಳಗೆ ಇಳಿಯುತ್ತಿದ್ದೆ. 'ನಿಧಾನ' ಅಂಥ ಪದ.

"ನಿಧಾನ ಅಂದ್ರ ಎಷ್ಟ್ರಿ ಅಣ್ಣಾರ? ಗಡಿಯಾರ ಹಿಡದು ನೋಡೀರೇನು?"

"ಇಲ್ರಿ."

"ಹೋದ ವರ್ಷ ಎಷ್ಟಿತ್ತು ಅಂತ ಎಲ್ಲೆರ ಬರದಿಟ್ಟೀರೇನು?"

"ಇಲ್ರಿ."

"ನಿಧಾನ ತೂಗಿದ್ರ ಮೆತ್ತಗ ತೂಗತೈತಿ ಅಂತ ಆತಲ್ಲ? ಅದರಾಗ ಅಂಜೂದೇನೈತಿ?"

ಇನ್‌ಚಾರ್ಜ್ ನಕ್ಕರು. ಟೆಕ್ನಿಷಿಯನ್ ಒಂದೇ ಪ್ರಶ್ನೆ ಕೇಳಿದ: "ಹಂಗಾರ ನೀವು ಏರ್ತೀರೇನ್ರಿ ಮೇಡಮ್ಮಾರ?"

"ನನ್ನ ಹತ್ರ ಎತ್ತರದ ಕೆಲಸದ ತರಬೇತಿ ಪತ್ರ ಇಲ್ರಿ," ಎಂದೆ. ಸತ್ಯವಾದ ಮಾತು. ಆದರೆ ಅವನು ಕೇಳಿದ್ದಕ್ಕೆ ಉತ್ತರ ಅದಾಗಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೆಲಸ ಶುರುಮಾಡಿದೆ. ಲೆಕ್ಕದ ಕಣ್ಣಿಗೆ ಗಾಳಿಯಂತ್ರದ ಟವರ್ ಎಂದರೆ ನೆಲದಲ್ಲಿ ನೆಟ್ಟು ತುದಿಗೆ ಭಾರ ಕಟ್ಟಿದ ಬೆತ್ತ. ಬಾಗಿಸಿ ಬಿಟ್ಟರೆ ಅದು ತನ್ನದೇ ಗತಿಯಲ್ಲಿ ತೂಗುತ್ತದೆ. ವಿನ್ಯಾಸದ ಪ್ರಕಾರ ಹನ್ನೊಂದನೇ ಟವರಿನ ಗತಿ ಹತ್ತು ತೂಗಾಟಕ್ಕೆ ಮೂವತ್ತಮೂರು ಸೆಕೆಂಡು. ರೆಕ್ಕೆಗಳು ಪೂರ್ತಿ ವೇಗದಲ್ಲಿದ್ದಾಗ ಹತ್ತು ಸುತ್ತಿಗೆ ನಲವತ್ತು ಸೆಕೆಂಡು. ಈ ಮೂವತ್ತಮೂರಕ್ಕೂ ನಲವತ್ತಕ್ಕೂ ನಡುವೆ ಇರುವ ಅಂತರವೇ ಟವರಿನ ರಕ್ಷಣೆ. ಪಂಚಮಿಯಲ್ಲಿ ಜೋಕಾಲಿ ಜೀಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ನಿಂತು ನೂಕುವವರು ಜೋಕಾಲಿಯ ಗತಿಗೆ ಸರಿಯಾಗಿ ನೂಕಿದರೆ ಸಣ್ಣ ಕೈಯೂ ಸಾಕು, ಕೂತವರ ಕಾಲು ಬೇವಿನ ಟೊಂಗೆ ಮುಟ್ಟುತ್ತದೆ. ಗತಿ ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ಅಷ್ಟೆ. ರೆಕ್ಕೆಗಳು ನೂಕುವ ಗತಿ ಟವರಿನ ಗತಿಗೆ ಹತ್ತಿರ ಬರಬಾರದು, ನನ್ನ ವೃತ್ತಿಯ ಅರ್ಧ ಪಾಠ ಇದೇ.

ಪಕ್ಕದ ಗುಂಪಿನ ಇಬ್ಬರು ಟೆಕ್ನಿಷಿಯನ್ನರು ಗಾಳಿಯಿಲ್ಲದ ಒಂದು ಬೆಳಗ್ಗೆ ಏರಿ, ಮೇಲಿನ ಹಳೆಯ ಸೆನ್ಸರ್ ಬದಲಿಸಿ, ಪಕ್ಕದಲ್ಲೇ ನನ್ನದೊಂದನ್ನು ಅಂಟಿಸಿ ಬಂದರು. ಟವರಿನ ನಡುವೆ ಎರಡು, ಬುಡದಲ್ಲಿ ಒಂದು, ಒಟ್ಟು ನಾಲ್ಕು ನನ್ನವು. ಮರುದಿನ ಬೆಳಗ್ಗೆ ಆರಕ್ಕೆ ಪರೀಕ್ಷೆ. ಇದ್ದಷ್ಟು ಎಳೆಗಾಳಿಗೆ ಯಂತ್ರವನ್ನು ತಿರುಗಿಸಿ, ತಟ್ಟನೆ ಬ್ರೇಕು ಹಾಕಿಸಿದೆ. ಟವರ್ ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದು ನಿಧಾನವಾಗಿ ಶಾಂತವಾಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಲೆಗಳು ಕಿರಿದಾಗುತ್ತ ಹೋದವು. ಹತ್ತು ಅಲೆ ಎಣಿಸಿದೆ: ಮೂವತ್ತಮೂರು ಸೆಕೆಂಡು. ಉಕ್ಕಿನ ತಗಡಿನ ದಪ್ಪ, ತುದಿಯ ಭಾರ, ಬುಡದ ಮಣ್ಣಿನ ಗಟ್ಟಿತನ ಎಲ್ಲ ತುಂಬಿಸಿ ನಾನು ಕಟ್ಟಿದ್ದ ಮಾದರಿಯೂ ಅದನ್ನೇ ಹೇಳುತ್ತಿತ್ತು. ಇಷ್ಟು ಚೆನ್ನಾಗಿ ಹೊಂದಿದ ಲೆಕ್ಕ ನನ್ನ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತದ್ದು ಟವರಿನ ನೆರಳಿನಲ್ಲಿ. ಆ ಬಯಲಿನಲ್ಲಿ ನೆರಳೆಂದರೆ ಅದೊಂದೇ. ಬಾಗಿಲಿನ ಕಬ್ಬಿಣದ ಮೆಟ್ಟಿಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಯಾರೋ ಎರಡು ದಪ್ಪ ಕಲ್ಲು ಮೆಟ್ಟಿಲಿನಂತೆ ಒಂದರ ಮೇಲೊಂದು ಇಟ್ಟಿದ್ದರು. ನಾನು ದಿನಕ್ಕೆ ಹತ್ತು ಸಲ ಆ ಕಲ್ಲು ತುಳಿದು ಒಳಗೆ ಹೋಗಿ ಬರುತ್ತಿದ್ದೆ. ಹಿರಿಯ ಟೆಕ್ನಿಷಿಯನ್ ತನ್ನ ಬುತ್ತಿಯಿಂದ ನನಗೊಂದು ಖಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟುಕೊಟ್ಟ. ನೆರಳು ಸರಿದಂತೆ ನಾವೂ ಟವರಿಗೆ ಬೆನ್ನು ಕೊಟ್ಟು ಸರಿಯುತ್ತಿದ್ದೆವು.

"ಮೂವತ್ತಮೂರ ಬಂತಂತಲ್ಲ?" ಎಂದ.

"ಬಂತ್ರಿ. ಲೆಕ್ಕಕ್ಕ ಕೂದಲೆಳೆ ಫರಕಿಲ್ಲ."

"ಯಾವಾಗ ನೋಡಿದ್ರಿ?"

"ಮುಂಜಾನೆ ಆರಕ್ಕ. ಗಾಳಿ ಇರಬಾರದು. ಇದ್ರ ಅಳತಿ ಹೊಲಸಾಗತೈತಿ."

ಅವನು ರೊಟ್ಟಿ ಮುರಿದ. "ಅಂದ್ರ ನಿಂತ ಎತ್ತಿನ ನಾಡಿ ನೋಡೀರಿ. ಹೂಡಿದ ಎತ್ತಿಂದಲ್ಲ."

"ಹೋಲಿಕಿ ಭಾಳ ಛಲೋ ಐತ್ರಿ ಅಣ್ಣಾರ. ಆದ್ರ ಹೋಲಿಕಿಯಿಂದ ಟವರ್ ಬೀಳೂದೂ ಇಲ್ಲ, ನಿಲ್ಲೂದೂ ಇಲ್ಲ."

ಅವನು ಜೋರಾಗಿ ನಕ್ಕ. "ಗಂಗಾವತಿಯವ್ರು ಅಲ್ಲ ನೀವು? ಅಕ್ಕಿ ಗಿರಣಿ ಸಪ್ಪಳದಾಗ ಬೆಳದವ್ರು, ಬಾಯಿ ಜೋರ ಇರೂದ. ವಾದದಾಗ ಯಾವಾಗ್ಲೂ ನೀವ ಗೆಲ್ತೀರೇನು?"

ಕಾಲೇಜಿನ ಚರ್ಚಾಸ್ಪರ್ಧೆ, ಚೀಟಿ ಎತ್ತುವುದು, ಪರ, ವಿರೋಧ ಎಲ್ಲ ಹೇಳಿದೆ. ಅವನಿಗೆ ಅದು ವಿಚಿತ್ರ ಅನಿಸಿತು. "ಅಂದ್ರ ನೀವು ಯಾ ಕಡಿ ಅದೀರಿ ಅಂತ ಚೀಟಿ ಹೇಳತೈತಿ? ಮೊದಲ ಮಾತಾಡೂದು, ಆಮ್ಯಾಲ ನಂಬೂದು?"

"ನಂಬಬೇಕಂತನೂ ಇಲ್ರಿ."

ಅವನು ಕೈ ತೊಳೆದುಕೊಂಡ. ಆಮೇಲೆ ಹೇಳಿದ: "ಸಾಹೇಬ್ರು ನಾ ಅಂಜೀನಿ ಅಂತ ತಿಳದಾರ. ಅಂಜಿಕಿ ಅಲ್ರಿ ಅದು. ಹನ್ನೆರಡ ವರ್ಷ ಏರೀನಿ. ಗಾಳಿ ಬಂದಾಗ ಒಳಗ ಏಣಿಗುಂಟ ಇರೂ ಉಕ್ಕಿನ ಹಗ್ಗ ಬಡೀತಾ ಇರತೈತಿ, ಟಣ್, ಟಣ್ ಅಂತ. ಟವರ್ ತೂಗಿದಂಗ ಅದು ಬಡೀತೈತಿ. ಹೋದ ಆಷಾಢದಾಗ ಆ ಸಪ್ಪಳಕ್ಕ ನಾ ಒಂದು ಪದಾ ಹಾಡಿಕೋತ ಕೂಡ್ತಿದ್ದೆ. ಈ ಸಲ ಆ ಪದಾ ಹೊಂದವಲ್ದು. ಗಾಳಿ ಜೋರಾದ್ರ ಎಳೀತೈತಿ. ಯಾಕ ಅಂತ ಯಾರರ ಹೇಳ್ರಿ, ಅರ್ಧ ತಾಸಿನ್ಯಾಗ ಏರ್ತೀನಿ. ಏನಾಗೈತಿ ಅಂತ ತಿಳೀಲಾರದ್ದರ ಮ್ಯಾಲ ಏರೂದಿಲ್ಲ."

ನಾನು ತಲೆಯಾಡಿಸಿದೆ. ಸಂಜೆ ಕುಷ್ಟಗಿಯ ನನ್ನ ಕೋಣೆಗೆ ಹೋಗಿ 'ಟವರಿನ ಗತಿ ವಿನ್ಯಾಸಕ್ಕೆ ಅನುಗುಣವಾಗಿದೆ. ರಚನೆಯಲ್ಲಿ ದೋಷ ಕಂಡುಬಂದಿಲ್ಲ' ಎಂದು ಪ್ರಾಥಮಿಕ ವರದಿ ಬರೆದು ಕಳಿಸಿದೆ. ಇನ್‌ಚಾರ್ಜ್ ತಕ್ಷಣ ಫೋನು ಮಾಡಿದರು. ಸೋಮವಾರ ಮೂರನೇ ಆದೇಶ, ಹನ್ನೊಂದನೇ ಟವರಿನ ಮಾಮೂಲಿ ತಪಾಸಣೆಗೆ ಏರುವುದಕ್ಕೆ. "ಈ ಸಲ ಹೆಂಗ ಒಲ್ಲೆ ಅಂತಾನ ನೋಡ್ತೀನಿ. ನಿಮ್ಮ ವರದಿನ ಮುಂದ ಇಡ್ತೀನಿ."

ಗುರುವಾರ ಗಾಳಿ ಎದ್ದಿತು. ಮಧ್ಯಾಹ್ನ ಎರಡಕ್ಕೆ ಹನ್ನೊಂದನೇ ಯಂತ್ರ ಮತ್ತೆ ಬ್ರೇಕು ಹಾಕಿಕೊಂಡಿತು. ಈಗ ಅಲ್ಲಿದ್ದದ್ದು ಹೊಚ್ಚ ಹೊಸ ಸೆನ್ಸರ್, ಪಕ್ಕದಲ್ಲಿ ನನ್ನದು. ಎರಡೂ ಒಂದೇ ಅಂಕಿ ತೋರಿಸುತ್ತಿದ್ದವು. ಸೆನ್ಸರಿನ ವಾದ ಅಲ್ಲಿಗೆ ಸತ್ತಿತು.

ಹಾಗಾದರೆ ಒಂದು ರೆಕ್ಕೆ ಭಾರವಾಗಿರಬೇಕು ಎಂದುಕೊಂಡೆ. ಶುಕ್ರವಾರ ಪೂರ್ತಿ ಅದಕ್ಕೇ ಹೋಯಿತು. ರೆಕ್ಕೆಗಳ ತೂಕದಲ್ಲಿ ಏರುಪೇರಿದ್ದರೆ ಅದು ಗಾಳಿ ಹೆಚ್ಚಲಿ ಕಡಿಮೆಯಾಗಲಿ, ಅದೇ ವೇಗದಲ್ಲಿ ಅದೇ ಬಲದಿಂದ ನೂಕಬೇಕು. ದಾಖಲೆಯಲ್ಲಿ ಹಾಗಿರಲಿಲ್ಲ. ಅದೇ ವೇಗದಲ್ಲಿ ಸಾಧಾರಣ ಗಾಳಿಗೆ ಟವರ್ ಸುಮ್ಮನಿರುತ್ತಿತ್ತು. ಜೋರು ಗಾಳಿಗೆ ಹುಚ್ಚೆದ್ದು ತೂಗುತ್ತಿತ್ತು. ಆ ವಾದವೂ ಬಿತ್ತು.

ಶನಿವಾರ ಬೆಳಗ್ಗೆ ದಾಖಲೆಗಳನ್ನು ಮೊದಲಿನಿಂದ ತೆರೆದಾಗ ನಾನೇ ಬರೆದಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಟವರಿನ ಗತಿಯನ್ನು ಹುಡುಕಿ ಕೊಡುವ ತಂತ್ರಾಂಶಕ್ಕೆ ಮೊದಲ ದಿನವೇ ನಾನೊಂದು ನಿಯಮ ಹಾಕಿದ್ದೆ: ಗಾಳಿ ಇಷ್ಟಕ್ಕಿಂತ ಜೋರಿದ್ದರೆ ಆ ದಾಖಲೆಯನ್ನು ಬಿಟ್ಟುಬಿಡು. ಅವು ಗಲೀಜು, ಗೆರೆಗಳು ಸ್ಪಷ್ಟ ಬರುವುದಿಲ್ಲ. ಅಂದರೆ ರೋಗ ಕಾಣಿಸಿಕೊಳ್ಳುವ ಹೊತ್ತಿನ ಸಾಕ್ಷಿಯನ್ನೆಲ್ಲ ವಿಚಾರಣೆಗೆ ಮೊದಲೇ ಹೊರಗೆ ಕಳಿಸಿ, ಉಳಿದವರನ್ನು ಕೇಳಿ ತೀರ್ಪು ಕೊಟ್ಟಿದ್ದೆ. ಚರ್ಚೆಯಲ್ಲಿ ಇದನ್ನು ಎದುರಾಳಿ ಮಾಡಿದ್ದರೆ ನಾನು ಎರಡು ನಿಮಿಷದಲ್ಲಿ ಸಿಗಿದು ಹಾಕುತ್ತಿದ್ದೆ.

ನಿಯಮ ತೆಗೆದೆ. ಗೆರೆಗಳು ನಿಜಕ್ಕೂ ಗಲೀಜಾಗಿದ್ದವು, ಆದರೆ ಎಲ್ಲವೂ ಒಂದೇ ಕಡೆಗೆ ಜಾರುತ್ತಿದ್ದವು. ನಂಬಲು ಮನಸ್ಸಾಗಲಿಲ್ಲ. ಫೋನಿನ ಗಡಿಯಾರ ಹಿಡಿದು ಟವರಿಗೆ ಹೋದೆ. ಹಿಂದಿನ ದಿನ ಒಂದು ಮಳೆ ಬಿದ್ದಿತ್ತು. ಅವತ್ತು ಒಣ ಗಾಳಿ, ಭರ್ಜರಿಯಾಗಿ. ಹಿರಿಯ ಟೆಕ್ನಿಷಿಯನ್ ತೆರೆದ ಬಾಗಿಲಲ್ಲಿ ಕೂತಿದ್ದ.

"ಅಣ್ಣಾರ, ತಾಳ ಹಾಕ್ರಿ. ನಾ ಎಣಸ್ತೀನಿ."

ಅವನು ಏನೂ ಕೇಳಲಿಲ್ಲ. ಕಣ್ಣು ಮುಚ್ಚಿ, ಒಳಗಿನ ಹಗ್ಗದ ಟಣ್ ಶಬ್ದಕ್ಕೆ ಸರಿಯಾಗಿ ತೊಡೆಯ ಮೇಲೆ ಕೈ ಬಡಿಯತೊಡಗಿದ. ಹತ್ತು ಬಡಿತ, ಮೂವತ್ತಮೂರು. ಮತ್ತೆ ಹತ್ತು, ಮೂವತ್ನಾಲ್ಕು. ಗಾಳಿ ಬಲವಾಯಿತು. ಮೂವತ್ತೈದು. ಮೂವತ್ತಾರು. ಅವನ ಕೈ ನೆಲದಿಂದ ಭಾರ ಎತ್ತುವಂತೆ ತಡೆದು ತಡೆದು ಬೀಳುತ್ತಿತ್ತು. ಮೂವತ್ತೇಳಕ್ಕೆ ಬಂದಾಗ ಒಳಗೆ ಎಚ್ಚರಿಕೆಯ ಗಂಟೆ ಬಾರಿಸಿ ಯಂತ್ರ ಬ್ರೇಕು ಹಾಕಿಕೊಂಡಿತು.

"ಎಷ್ಟ?" ಎಂದ.

"ಮೂವತ್ತೇಳು."

"ನಿಧಾನ ಅಂದ್ರ ಅಷ್ಟ್ರಿ," ಎಂದ. ಚುಚ್ಚಿದನೋ, ಸುಮ್ಮನೆ ಹೇಳಿದನೋ, ಇವತ್ತಿಗೂ ಗೊತ್ತಿಲ್ಲ.

ಕಂಟೇನರಿಗೆ ಮರಳಿ ಮಾದರಿಯನ್ನು ಹಿಂಸಿಸಲು ಕೂತೆ. ಗಾಳಿ ಹೆಚ್ಚಿದಷ್ಟೂ ಟವರ್ ಸಡಿಲಾಗಬೇಕು, ಗಾಳಿ ಇಳಿದರೆ ಮತ್ತೆ ಬಿಗಿಯಾಗಬೇಕು. ಉಕ್ಕು ತೆಳುವಾಗಿದ್ದರೆ? ಆಗ ನಿಂತಾಗಲೂ ನಿಧಾನ ಇರಬೇಕು, ಇಲ್ಲ. ಕಾಂಕ್ರೀಟು ಬಿರಿದಿದ್ದರೆ? ಅದೂ ಹಾಗೆಯೇ. ಕೊನೆಗೆ ಉಳಿದದ್ದು ಒಂದೇ. ಟವರಿನ ಬುಡದಲ್ಲಿ, ಮಣ್ಣಿನೊಳಗೆ, ದೊಡ್ಡ ತಟ್ಟೆಯ ಆಕಾರದ ಕಾಂಕ್ರೀಟ್ ಅಡಿಪಾಯ ಇರುತ್ತದೆ. ಗಾಳಿ ಟವರನ್ನು ನೂಕಿದಾಗ ಆ ತಟ್ಟೆಯ ಗಾಳಿಕಡೆಯ ಅಂಚು ನೆಲ ಬಿಟ್ಟು ಕೂದಲಷ್ಟು ಎದ್ದರೂ ಸಾಕು, ಊರಿಕೊಂಡ ಭಾಗ ಕಡಿಮೆಯಾಗಿ ಬುಡ ಸಡಿಲಾಗುತ್ತದೆ. ಗಾಳಿ ನಿಂತರೆ ಅಂಚು ಮತ್ತೆ ಕೂರುತ್ತದೆ. ಬೆಳಗ್ಗೆ ಆರಕ್ಕೆ ಹೋದ ಇಂಜಿನಿಯರಿಗೆ ಮೂವತ್ತಮೂರು ತೋರಿಸುತ್ತದೆ. ಮಾದರಿಯಲ್ಲಿ ಅಂಚನ್ನು ಎಬ್ಬಿಸಿದೆ. ಮೂವತ್ತೇಳು ಬಂತು.

ಆದರೆ ಅಂಚು ಏಳಬಾರದು. ಅದು ಏಳದಂತೆ ಒತ್ತಿ ಹಿಡಿಯಲು ತಟ್ಟೆಯ ಮೇಲೆ ಎದೆಮಟ್ಟ ಮಣ್ಣು ಹೇರಿರುತ್ತಾರೆ. ಆ ಮಣ್ಣಿನ ತೂಕವೂ ವಿನ್ಯಾಸದ ಲೆಕ್ಕದೊಳಗೇ ಇದೆ. ನಕ್ಷೆ ಹಿಡಿದು ಮತ್ತೆ ಟವರಿಗೆ ಹೋದೆ. ಕಾಂಕ್ರೀಟಿನ ಬುಡದ ಸುತ್ತ ಮಾಸಿದ ಹಳದಿ ಗೆರೆ ಇತ್ತು. ನಕ್ಷೆಯ ಪ್ರಕಾರ ಮಣ್ಣು ಅಲ್ಲಿಯವರೆಗೆ ಇರಬೇಕು. ಗೆರೆ ನನ್ನ ಸೊಂಟಕ್ಕಿತ್ತು.

ಮೆಟ್ಟಿಲ ಕೆಳಗಿನ ಆ ಎರಡು ಕಲ್ಲುಗಳನ್ನು ನೋಡಿದೆ. ವಾರಪೂರ್ತಿ ಅವನ್ನು ತುಳಿದೇ ಏರಿದ್ದೆ. ಮೆಟ್ಟಿಲು ನೆಲಕ್ಕೆ ಯಾಕೆ ಮುಟ್ಟುವುದಿಲ್ಲ ಎಂದು ಒಂದು ಸಲವೂ ಕೇಳಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುವವಳು ಎಂಬ ಹೆಮ್ಮೆ ಬೇರೆ.

ಅಷ್ಟರಲ್ಲಿ ಯಂತ್ರ ಮತ್ತೆ ತಿರುಗತೊಡಗಿತ್ತು. ಪಶ್ಚಿಮಕ್ಕೆ, ಗಾಳಿ ಬರುವ ಕಡೆಗೆ, ಒಂಬತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಬಿಲ್ಲಿನಂತೆ ಬಾಗಿದ ಬಿರುಕು. ಎರಿಯ ಕರಿಮಣ್ಣು ಬಿರಿಯುವುದು ಹೊಸತಲ್ಲ, ಆದರೆ ಮಳೆ ಬಿದ್ದ ಮರುದಿನ ಬಿರಿಯುವುದಿಲ್ಲ. ನಾನೂ ಟೆಕ್ನಿಷಿಯನ್ನನೂ ಮೊಳಕಾಲೂರಿ ಬಗ್ಗಿದೆವು. ಬಿರುಕಿನೊಳಗೆ ರಾಡಿ ನೀರು ಮೇಲೆ ಬಂತು, ಒಳಗೆ ಹೋಯಿತು. ಮೇಲೆ ಬಂತು, ಒಳಗೆ ಹೋಯಿತು. ಟವರಿನೊಳಗಿಂದ ಟಣ್, ಟಣ್.

"ನೆಲಾ ಉಸುರಾಡಕತ್ತೈತ್ರಿ," ಎಂದ ಅವನು, ದನಿ ಇಳಿಸಿ.

ನಾನು ಕಂಟ್ರೋಲ್ ರೂಮಿಗೆ ಫೋನು ಮಾಡಿ ಯಂತ್ರ ನಿಲ್ಲಿಸಲು ಹೇಳಿದೆ. ಕಾರಣ ಕೇಳಿದರು. "ಬರದು ಕಳಸ್ತೀನಿ, ಮೊದಲ ನಿಲ್ಲಸ್ರಿ," ಎಂದೆ.

ನಾವು ಹಾಗೆ ನೆಲಕ್ಕೆ ಬಗ್ಗಿದ್ದನ್ನು ಕಂಡು ಪಕ್ಕದ ದಾಳಿಂಬೆ ತೋಟದಿಂದ ಒಬ್ಬಾಕೆ ಬಂದರು. ಟವರಿಗೆ ಜಾಗ ಕೊಟ್ಟ ಹೊಲದ ಒಡತಿ, ತೋಟವೂ ಅವರದೇ.

"ಏನ್ ಕಳಕೊಂಡಿಯವ್ವಾ ತಂಗಿ?"

"ಮಣ್ಣು ಕಳಕೊಂಡೀವ್ರಿ ಅಮ್ಮಾರ. ಇಲ್ಲಿ ಎದಿಮಟ್ಟ ದಿಬ್ಬ ಇತ್ತಲ್ಲ?"

"ಅದಾ? ನಾವ ಹೊಡದೀವಿ, ಬ್ಯಾಸಿಗ್ಯಾಗ. ಎಂಬತ್ತು ಟ್ರ್ಯಾಕ್ಟರ್ ದಾಟಿತ್ತು. ನಮ್ದು ಮ್ಯಾಲಿನ ಹೊಲ ಮಸಾರಿ, ನೀರು ಹಿಡಿಯೂದಿಲ್ಲ. ಎರಿ ಮಣ್ಣು ಹಾಕಿದ ಮ್ಯಾಲ ಗಿಡಾ ನೋಡು ಹೆಂಗ ಅದಾವ!"

ಬೇಸಿಗೆಯಲ್ಲಿ ಕೆಂಪು ಹೊಲಕ್ಕೆ ಕರಿಮಣ್ಣು ಹೊಡೆಯುವುದು ಆ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಅವರ ಕಣ್ಣಿಗೆ ಅದು ಅಡಿಪಾಯ ತೋಡಿ ಉಳಿದ ಮಣ್ಣಿನ ಗುಡ್ಡೆ.

"ಬೋರ್ಡ್ ಹಾಕಿದ್ರಲ್ರಿ ಅಮ್ಮಾರ," ಎಂದೆ.

"ಕರೆಂಟ್ ಐತಿ, ಮುಟ್ಟಬ್ಯಾಡ್ರಿ ಅಂತ ಬೋರ್ಡಿತ್ತು. ನಾವು ಕರೆಂಟ್ ಮುಟ್ಟಿಲ್ಲ. ಮಣ್ಣು ಮುಟ್ಟಬ್ಯಾಡ್ರಿ ಅಂತ ಎಲ್ಲಿತ್ತು, ತೋರಸು? ನಮ್ಮ ಹೊಲದಾಗ ತಗದ ಮಣ್ಣು ನಮ್ಮ ಹೊಲಕ್ಕ ಹಾಕಿದ್ರ ಕಳುವೇನವ್ವಾ ಅದು?"

ಅವರ ವಾದದಲ್ಲಿ ನನಗೆ ಒಂದೂ ಸಂದು ಸಿಗಲಿಲ್ಲ. ಹಿರಿಯ ಟೆಕ್ನಿಷಿಯನ್ ನಡುವೆ ಬಂದ: "ಹೊಲಕ್ಕ ಕುಂಟಿ ಹೊಡೀವಾಗ ಏಳಬಾರದು ಅಂತ ಮ್ಯಾಲ ಕಲ್ಲು ಹೇರೂದಿಲ್ಲೇನವ್ವಾ? ಆ ದಿಬ್ಬ ಈ ಫ್ಯಾನಿನ ಕಲ್ಲು ಇದ್ದಂಗ. ನೀವು ಅದನ್ನ ಇಳಸೀರಿ, ಅದು ಏಳಾಕತ್ತೈತಿ."

ಆಕೆ ತಲೆಯೆತ್ತಿ ಟವರನ್ನು ತುದಿಯವರೆಗೆ ನೋಡಿದರು. "ಇಷ್ಟುದ್ದದ್ದು ಮಣ್ಣಿನ ಮ್ಯಾಲ ನಿಂತೈತಿ ಅಂತ ನಮಗ ಯಾರ ಹೇಳ್ಯಾರ?" ಎಂದರು.

ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಸೈಟಿನಲ್ಲಿದ್ದವರಿಗೂ ಯಾರೂ ಹೇಳಿರಲಿಲ್ಲ.

ಭಾನುವಾರ ವರದಿ ಬರೆಯಲು ಕೂತಾಗ ಒಂದು ಸುಲಭದ ದಾರಿ ಕಂಡಿತು. ಮೊದಲ ವರದಿ ಪೂರ್ತಿ ಸುಳ್ಳೇನಲ್ಲ. ಗಾಳಿಯಿಲ್ಲದಾಗ ಟವರ್ ಸರಿಯೇ ಇತ್ತು. 'ಹೆಚ್ಚುವರಿ ಅವಲೋಕನಗಳು' ಎಂದು ಎರಡು ಪುಟ ಸೇರಿಸಿದರೆ ನನ್ನ ಹೆಸರಿಗೆ ಗೀರೂ ಬೀಳುವುದಿಲ್ಲ. ಸೋಲನ್ನು ತಿದ್ದುಪಡಿಯ ಬಟ್ಟೆ ತೊಡಿಸಿ ಹೊರಗೆ ಕಳಿಸುವುದರಲ್ಲಿ ನಾನು ನುರಿತವಳು. ಆದರೆ ಮರುದಿನ ಬೆಳಗ್ಗೆ ಆ ಮೊದಲ ವರದಿಯನ್ನು ಮುಂದಿಟ್ಟೇ ಟೆಕ್ನಿಷಿಯನ್ನನಿಗೆ ಏರು ಎನ್ನುವವರಿದ್ದರು. ಅದು ಮೇಜಿನ ಮೇಲೆ ಇರುವಷ್ಟು ಹೊತ್ತೂ ಅವನ ಕೆಲಸಕ್ಕೆ ಸಂಚಕಾರ. ಹೀಗೆ ಬರೆದೆ: 'ನನ್ನ ಪ್ರಾಥಮಿಕ ವರದಿಯನ್ನು ಹಿಂಪಡೆಯುತ್ತಿದ್ದೇನೆ. ಜೋರು ಗಾಳಿಯಲ್ಲಿ ಟವರಿನ ಗತಿ ನಿಧಾನವಾಗುತ್ತದೆ ಎಂದು ಹಿರಿಯ ಟೆಕ್ನಿಷಿಯನ್ ಮೊದಲ ದಿನವೇ ಹೇಳಿದ್ದು ಅಳತೆಯಿಂದ ದೃಢಪಟ್ಟಿದೆ. ಅವರು ಏರಲು ನಿರಾಕರಿಸಿದ್ದು ಸರಿ.'

ಸೋಮವಾರ ಅದೇ ಮೂವರು, ಅದೇ ಕೋಣೆ. ಇನ್‌ಚಾರ್ಜ್ ಎರಡು ಸಲ ಓದಿದರು.

"ಗಟ್ಟಿ ಐತಿ ಅಂತ ನೀವ ಬರದಿದ್ರಲ್ರಿ!"

"ಹೌದ್ರಿ. ತಪ್ಪು ಬರದಿದ್ದೆ."

ಈ ಎರಡು ವಾಕ್ಯ ಇಷ್ಟು ಚಿಕ್ಕವೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ಮಾತು ಹೇಳಿದೆ: ಬುಡದ ಬೋಲ್ಟು, ಕಾಂಕ್ರೀಟು ಪರೀಕ್ಷೆಯಾಗುವವರೆಗೆ ಯಂತ್ರ ನಿಲ್ಲಬೇಕು. ಆಮೇಲೆ ಮಣ್ಣು ತುಂಬುವವರೆಗೆ ರೆಕ್ಕೆಗಳ ವೇಗ ಇಳಿಸಬೇಕು, ಒಂದು ಸುತ್ತಿಗೆ ಐದು ಸೆಕೆಂಡು.

"ಆಷಾಢದಾಗ ಫ್ಯಾನ್ ನಿಲ್ಲಸೂದಂದ್ರ ಸುಗ್ಗ್ಯಾಗ ಕುಡಗೋಲು ಅಡಾ ಇಟ್ಟಂಗ ಮೇಡಂ. ಮ್ಯಾಲಿನವರಿಗೆ ನಾ ಏನ್ ಹೇಳ್ಲಿ? ಹೋದ ವಾರ ಒಂದು, ಈ ವಾರ ಒಂದು. ಈ ಲೆಕ್ಕಾನೂ ತಪ್ಪಿದ್ರ?"

ನ್ಯಾಯವಾದ ಪ್ರಶ್ನೆ. ಎದ್ದು ಬಿಳಿ ಹಲಗೆಯ ಮೇಲೆ ಬರೆದೆ: 'ವೇಗ ಇಳಿಸಿದರೆ, ಗುರುವಾರದಂಥ ಗಾಳಿಯಲ್ಲೂ ಗಂಟೆ ಬಾರಿಸುವುದಿಲ್ಲ. ಒಮ್ಮೆ ಬಾರಿಸಿದರೂ ನನ್ನ ಲೆಕ್ಕ ತಪ್ಪು.' ಕೆಳಗೆ ಸಹಿ ಹಾಕಿದೆ. "ಇದನ್ನ ಅಳಸಬ್ಯಾಡ್ರಿ," ಎಂದೆ. "ಮೊದಲನೇ ವರದಿಗೆ ಇಂಥಾದ್ದೊಂದು ಸಾಲು ನಾ ಬರೀಬೇಕಿತ್ತು. ಯಾವುದರಿಂದ ನಾ ಸೋಲ್ತೀನಿ ಅಂತ ಮೊದಲ ಹೇಳಬೇಕಿತ್ತು."

ಅವರು ಹಲಗೆ ನೋಡಿದರು, ಟೆಕ್ನಿಷಿಯನ್ನನ ಮುಖ ನೋಡಿದರು. ಗುತ್ತಿಗೆದಾರನಿಗೆ ಬರೆದಿಟ್ಟ ಪತ್ರ ಮೇಜಿನ ಮೇಲೆಯೇ ಇತ್ತು. ಅದನ್ನು ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಒತ್ತಿ ಇಟ್ಟರು. "ಚಹಾ ಹೇಳಪಾ ಮೂರು," ಎಂದರು ಅವನಿಗೆ. ಕ್ಷಮೆ ಕೇಳುವುದು ಅವರಿಗೂ ಬರುತ್ತಿರಲಿಲ್ಲ.

ಎರಡು ದಿನ ಬುಡದ ಬೋಲ್ಟುಗಳ ಬಿಗಿಯನ್ನು ಒಂದೊಂದಾಗಿ ನೋಡಿದೆವು. ನಾಲ್ಕು ಸಡಿಲಾಗಿದ್ದವು, ಮುರಿದದ್ದು ಯಾವುದೂ ಇಲ್ಲ, ಕಾಂಕ್ರೀಟಿನಲ್ಲಿ ಬಿರುಕಿಲ್ಲ. ಗುರುವಾರ ಇಳಿಸಿದ ವೇಗದಲ್ಲಿ ಯಂತ್ರ ಬಿಟ್ಟೆವು. ಹಿಂದಿನ ವಾರದಂಥದೇ ಗಾಳಿ. ಒಂದು ಸುತ್ತಿಗೆ ಐದು ಸೆಕೆಂಡಿನ ಗತಿಯಲ್ಲಿ ರೆಕ್ಕೆಗಳು ಬೀಸುತ್ತಿದ್ದವು; ಟವರ್ ತೂಗುತ್ತಿತ್ತು, ಆದರೆ ನೂಕುವ ಕೈಗೆ ಅದು ಸಿಗುತ್ತಿರಲಿಲ್ಲ. ಮೂರು ದಿನ ಗಂಟೆ ಬಾರಿಸಲಿಲ್ಲ. ಮೂರನೆಯ ಸಂಜೆ ಇನ್‌ಚಾರ್ಜ್ ಹಲಗೆಯ ಮೇಲಿನ ನನ್ನ ಸಾಲಿನ ಮುಂದೆ ಒಂದು ಗುರುತು ಹಾಕಿ, ಅಳಿಸದೆ ಹಾಗೆಯೇ ಬಿಟ್ಟರು.

ತೋಟಕ್ಕೆ ಹೋದ ಮಣ್ಣನ್ನು ಮರಳಿ ಕೇಳುವ ಪ್ರಶ್ನೆ ಇರಲಿಲ್ಲ. ದಾಳಿಂಬೆಯ ಬೇರು ಅದರೊಳಗೆ ಇಳಿದಾಗಿತ್ತು. ತಟ್ಟೆಗೆ ಬೇಕಾದದ್ದು ತೂಕ, ಫಲವತ್ತಲ್ಲ. ಹತ್ತಿರದ ಗುಡ್ಡದಿಂದ ಗರಸು, ಅಂದರೆ ಕಲ್ಲುಮಿಶ್ರಿತ ಮಣ್ಣು, ತರಿಸಿದೆವು. ಒಂದೊಂದು ಗೇಣು ಹರಡುವುದು, ನೀರು ಹೊಡೆಯುವುದು, ರೋಲರ್ ಓಡಿಸುವುದು, ಮತ್ತೆ ಒಂದು ಗೇಣು. ಹಳದಿ ಗೆರೆ ಮುಟ್ಟಲು ಆರು ದಿನ ಹಿಡಿಯಿತು. ಮೆಟ್ಟಿಲ ಕೆಳಗಿನ ಕಲ್ಲುಗಳನ್ನು ಮೊದಲ ದಿನವೇ ಟೆಕ್ನಿಷಿಯನ್ ತಾನೇ ಎತ್ತಿ ಆಚೆ ಇಟ್ಟಿದ್ದ.

ನಾನು ಬೋರ್ಡಿನ ಒಕ್ಕಣೆ ಬರೆಯುತ್ತಿದ್ದೆ: 'ಈ ಮಣ್ಣು ಅಡಿಪಾಯದ ಭಾಗ, ತೆಗೆಯಬಾರದು.' ಹೊಲದೊಡತಿ ಬಂದು ಅದನ್ನು ಓದಿಸಿಕೊಂಡು ಕೇಳಿ ನಕ್ಕರು. "ಬೋರ್ಡ್ ಎಷ್ಟು ವರ್ಷ ಇರತೈತಿ? ಗಾಳಿಗೆ ಹಾರಿ ಹೋಗತೈತಿ. ನಾ ಇದನ್ನ ಕಣಾ ಮಾಡ್ತೀನಿ."

ರಾಶಿ ಮಾಡುವ ಕಣ! ರೆಕ್ಕೆಗಳ ಕೆಳಗೆ ಮಂದಿ ಸೇರುವಂತಿಲ್ಲ ಎಂದೆ.

"ರಾಶಿ ಮಾಡಬ್ಯಾಡ ಅಂದ್ರ ಮಾಡೂದಿಲ್ಲ. ಫ್ಯಾನ್ ನಿಲ್ಲಿಸಿದ ದಿನಾ ಹೇಳು, ನಾಕು ಮಂದಿ ಬಂದು ಸೆಗಣಿ ಸಾರಿಸಿ, ನಡುವ ಒಂದು ಕಲ್ಲಿಟ್ಟು ಕುಂಕುಮ ಹಚ್ಚಿ ಹೋಗ್ತೀವಿ. ಕಣಕ್ಕ ಚಪ್ಪಲಿ ಹಾಕ್ಕೊಂಡು ಕಾಲಿಡೂದಿಲ್ಲ ನಮ್ಮಂದಿ. ಸಲಿಕಿ ಹಾಕ್ತಾರೇನು?"

ಕುಂಕುಮಕ್ಕೆ ಮಣ್ಣು ಹಿಡಿದಿಡುವ ಶಕ್ತಿ ಇದೆ ಎಂದು ನಾನು ಒಪ್ಪುವುದಿಲ್ಲ. ಆದರೆ ಆ ಊರಿನಲ್ಲಿ ಕಣ ಅಗೆದವರನ್ನು ತೋರಿಸಿ ಎಂದು ನಾಲ್ವರನ್ನು ಕೇಳಿದೆ. ಯಾರಿಗೂ ಒಂದು ಹೆಸರೂ ನೆನಪಾಗಲಿಲ್ಲ. ಸಾಕ್ಷಿ ಅವರ ಕಡೆಗಿತ್ತು. ಬೋರ್ಡನ್ನೂ ನೆಡಿಸಿದೆ, ಕಣಕ್ಕೂ ಹೂಂ ಅಂದೆ.

ಪೂರ್ತಿ ವೇಗಕ್ಕೆ ಮರಳಿದ ದಿನ ಗಾಳಿ ಕೃಪೆ ಮಾಡಿತು. ಬಾಗಿಲಲ್ಲಿ ಅವನು, ಮೆಟ್ಟಿಲ ಮೇಲೆ ಲ್ಯಾಪ್‌ಟಾಪು ಹಿಡಿದು ನಾನು. ಟಣ್, ಟಣ್. ಅವನ ಕೈ ತೊಡೆಯ ಮೇಲೆ ಹಗುರವಾಗಿ ಬೀಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ತುಟಿಯೊಳಗೇ ಒಂದು ಪದ ಗುನುಗತೊಡಗಿದ. ನಡುವೆ ನಿಲ್ಲಿಸಿ ಹೇಳಿದ: "ಹೊಂದತೈತಿ. ಆದ್ರ ಇನ್ನೂ ಒಂಚೂರು ಎಳೀತೈತ್ರಿ."

ಮೂರು ವಾರದ ಹಿಂದಿನ ನಾನಾಗಿದ್ದರೆ 'ಒಂಚೂರು ಅಂದ್ರ?' ಎಂದು ಅವನ ಮೇಲೆ ಎರಗುತ್ತಿದ್ದೆ. ಈಗಲೂ ಕೇಳಿದೆ, ತಿಳಿದುಕೊಳ್ಳಲು.

"ಅರ್ಧ ಇರಬಹುದ್ರಿ."

ಪರದೆಯಲ್ಲಿ ಮೂವತ್ತಮೂರೂವರೆಗೆ ಕೂದಲಷ್ಟು ಕಡಿಮೆ ಇತ್ತು. ಹೊಸ ಗರಸು ಇನ್ನೂ ಕೂತುಕೊಳ್ಳಬೇಕು. ಮುಂದಿನ ಆಷಾಢದವರೆಗೆ ನನ್ನ ಸೆನ್ಸರುಗಳು ಅಲ್ಲೇ ಇರಲಿ ಎಂದು ಬರೆದೆ. ಅದಕ್ಕಾಗಿ ಮೇಲಿನದನ್ನು ಅಂಟು ಬಿಡಿಸಿ ಬೋಲ್ಟು ಹಾಕಿ ಭದ್ರ ಮಾಡಬೇಕಿತ್ತು. ಏರಲು ಇಬ್ಬರು ಬೇಕು. ಹಿರಿಯ ಟೆಕ್ನಿಷಿಯನ್ ಮೊದಲ ಹೆಸರು ಕೊಟ್ಟ. ನಾನು ಎತ್ತರದ ಕೆಲಸದ ತರಬೇತಿ ಮುಗಿಸಿಕೊಂಡು ಬಂದು ಎರಡನೆಯ ಹೆಸರು ಕೊಟ್ಟೆ.

ಗಾಳಿಯಿಲ್ಲದ ಬೆಳಗ್ಗೆ, ಯಂತ್ರ ನಿಲ್ಲಿಸಿ, ಒಳಗೆ ಹೋದೆವು. ಅವನು ನನ್ನ ಬೆಲ್ಟಿನ ಕೊಂಡಿಗಳನ್ನು ಮೂರು ಸಲ ಎಳೆದು ನೋಡಿ ತಾನು ಮುಂದೆ ಏರತೊಡಗಿದ. ಟಣ್ ಎನ್ನುತ್ತಿದ್ದ ಆ ಉಕ್ಕಿನ ಹಗ್ಗಕ್ಕೇ ಈಗ ನನ್ನ ಕೊಂಡಿ ಸಿಕ್ಕಿಸಿತ್ತು. ಏಣಿಯ ನಡುವಿನ ಮೊದಲ ಅಟ್ಟ ಸುಲಭ. ಎರಡನೆಯದನ್ನು ನಿಂತು ನಿಂತು ಏರಿದೆ. ಮೂರನೆಯ ಅಟ್ಟದಲ್ಲಿ ತಗಡಿನ ಗೋಡೆಗೆ ಒರಗಿ, ಬಾಯಿ ತೆರೆದು ನಿಂತೆ. ತುದಿ ಇನ್ನೂ ಅಷ್ಟೇ ದೂರವಿತ್ತು. ಮೇಲಿನ ಏಣಿಯಿಂದ ಅವನು ಬಗ್ಗಿ ನೋಡಿದ.

"ಟವರ್ ಗಟ್ಟಿ ಐತಿ ಅಂತ ಇವತ್ತಿನ ವಿಷಯ, ಮೇಡಮ್ಮಾರ. ಪರನೋ, ವಿರೋಧನೋ?"

ಉತ್ತರ ಇತ್ತು ನನ್ನ ಬಳಿ. ಉಸಿರು ಇರಲಿಲ್ಲ. ಮೇಲಿನ ಮೆಟ್ಟಿಲಿಗೆ ಕೈ ಹಾಕಿದೆ.